ಸೊಳ್ಳೆ ಕಡಿತಕ್ಕೆ ಮನೆಮದ್ದು: ಮಕ್ಕಳ ಡಾಕ್ಟರ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮಳೆ ಹಿಡಿದ ಮೇಲೆ ಗುಂಪಿನಲ್ಲಿ ಸೊಳ್ಳೆ ಮದ್ದಿನ ಫಾರ್ವರ್ಡುಗಳೇ ತುಂಬಿಹೋಗಿವೆ. ಇವತ್ತು ಸಂಜೆ ನಮ್ಮ ಗುಂಪಿನ ಮಕ್ಕಳ ಡಾಕ್ಟರು ಉತ್ತರ ಕೊಡ್ತಾರೆ. ಮಗುವಿನ ವಯಸ್ಸು, ತೂಕ, ಇದುವರೆಗೆ ಏನು ಹಚ್ಚಿದ್ದೀರಿ ಅನ್ನೋದನ್ನ ಬರೆದು ಕೇಳಿ.

ಪುಟ್ಟಿಯ ಅಮ್ಮ: ನಮಸ್ತೆ ಮೇಡಂ. ಮಗಳಿಗೆ ಎರಡೂವರೆ ವರ್ಷ, 12 ಕೆಜಿ. ಕಚ್ಚಿದ ಕಡೆ ಕೆರೆದು ಕೆರೆದು ಕೆಂಪು ಮಾಡ್ಕೋತಾಳೆ. ಮನೆಯಲ್ಲಿ ಇರೋದರಲ್ಲೇ ಏನು ಹಚ್ಚಬಹುದು?

ಡಾಕ್ಟರ್: ನಮಸ್ತೆ. ಮೊದಲು ಸೋಪು ನೀರಲ್ಲಿ ತೊಳೆಯಿರಿ. ಐಸ್ ತುಂಡನ್ನು ತೆಳು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ, ಬೇಕಾದರೆ ಗಂಟೆ ಬಿಟ್ಟು ಇನ್ನೊಮ್ಮೆ. ಐಸ್ ನೇರವಾಗಿ ಚರ್ಮಕ್ಕೆ ಬೇಡ. ಸೊಳ್ಳೆಯ ಜೊಲ್ಲಿಗೆ ಮೈ ತಿರುಗಿ ಬೀಳುವುದರಿಂದ ಬರುವ ತುರಿಕೆ ಇದು. ತಣ್ಣಗಾದರೆ ತುರಿಕೆಯ ನರವೂ ಮಂದವಾಗುತ್ತದೆ, ಊತವೂ ಇಳಿಯುತ್ತದೆ. ಲೋಳೆಸರ ಮನೆಯಲ್ಲಿದ್ದರೆ ಎಲೆ ಕತ್ತರಿಸಿ ಬುಡ ಕೆಳಗೆ ಮಾಡಿ ಹತ್ತು ಹದಿನೈದು ನಿಮಿಷ ನಿಲ್ಲಿಸಿ. ಸಿಪ್ಪೆಯ ಅಡಿಯಿಂದ ಹಳದಿ ಹಾಲು ಇಳಿದುಹೋಗಬೇಕು, ಉರಿ ತರುವುದು ಅದೇ. ಆಮೇಲೆ ಒಳಗಿನ ತಿಳಿ ಲೋಳೆ ಮಾತ್ರ ತೆಗೆದು, ಮೊದಲ ಸಲವಾದರೆ ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ. ಅದಕ್ಕಿಂತ ಸುಲಭ ಕ್ಯಾಲಮೈನ್ ಲೋಷನ್, ಬಾಟಲಿ ಅಲ್ಲಾಡಿಸಿ ದಿನಕ್ಕೆ ಎರಡು ಮೂರು ಸಲ. ಕೆರೆದು ಗಾಯವಾದ ಕಡೆ ಬೇಡ. ಉಗುರು ಕತ್ತರಿಸುವುದು ಮರೆಯಬೇಡಿ, ಗಾಯ ಕೀವಾಗುವುದು ಉಗುರಿನ ಕೊಳೆಯಿಂದ.

ಮಲ್ನಾಡ್ ಮನೆ: ಅರ್ಧ ನಿಂಬೆಹಣ್ಣಿಗೆ ಲವಂಗ ಚುಚ್ಚಿ ಮೂಲೆಯಲ್ಲಿಟ್ಟರೆ ಸೊಳ್ಳೆ ಬರಲ್ಲ ಅಂತಾರೆ, ನಿಜವಾ?

ಡಾಕ್ಟರ್: ಇಲ್ಲ. ಲವಂಗದ ಎಣ್ಣೆಗೆ ಸೊಳ್ಳೆ ದೂರ ಇಡುವ ಗುಣ ಇದೆ, ಆದರೆ ಹತ್ತು ಲವಂಗದಿಂದ ಒಂದು ಕೋಣೆಗೆ ಸಾಕಾಗುವಷ್ಟು ಆವಿ ಏಳುವುದಿಲ್ಲ. ಅದೇ ನಿಂಬೆರಸ ಮೈಗೆ ಹಚ್ಚಿ ಬಿಸಿಲಿಗೆ ಹೋದರೆ ಮರುದಿನ ಬೊಬ್ಬೆ ಏಳುತ್ತದೆ, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಹಾಸನ ಹುಡುಗಿ: ಮೇಡಂ ಟೂತ್‌ಪೇಸ್ಟ್? ಅಡುಗೆ ಸೋಡಾ?

ಡಾಕ್ಟರ್: ಎರಡೂ ಬೇಡ. ಪೇಸ್ಟಿನ ಪುದೀನ ತಂಪು ಐದು ನಿಮಿಷ, ಆಮೇಲೆ ಚರ್ಮ ಒಣಗಿ ತುರಿಕೆ ಜಾಸ್ತಿ. ಸೋಡಾ ಕ್ಷಾರ, ಮಕ್ಕಳ ಚರ್ಮಕ್ಕೆ ಆಗದು.

ಬಾಣಂತಿ ಮನೆ: ಮೇಡಂ, ಮಗುವಿಗೆ ಐದು ತಿಂಗಳು, ಆರು ಕೆಜಿ. ಸೊಳ್ಳೆ ಕಾಯಿಲ್ ಬೇಡ ಅಂತ ನಮ್ಮತ್ತೆ ಕೊಬ್ಬರಿ ಎಣ್ಣೆಯಲ್ಲಿ ಪೂಜೆ ಕರ್ಪೂರ ಕರಗಿಸಿ ಅಂಗಾಲಿಗೆ, ಎದೆಗೆ ಸವರ್ತಾರೆ, ದಿನಕ್ಕೆ ಎರಡು ಸಲ. ಒಂದು ಬಟ್ಟಲು ಎಣ್ಣೆಗೆ ಆರೇಳು ಬಿಲ್ಲೆ. ಫಾರ್ವರ್ಡ್ ನೋಡಿ ಖಾಲಿ ಸೊಳ್ಳೆ ಲಿಕ್ವಿಡ್ ಬಾಟಲಿಗೂ ಅದೇ ಎಣ್ಣೆ, ಬೇವಿನೆಣ್ಣೆ ತುಂಬಿ ರಾತ್ರಿಯೆಲ್ಲ ಹಚ್ಚಿಡ್ತಿದೀವಿ. ಎರಡು ದಿನದಿಂದ ಮಗು ಸ್ವಲ್ಪ ಕಿರಿಕಿರಿ. ನ್ಯಾಚುರಲ್ ಅಲ್ವಾ, ತೊಂದರೆ ಇಲ್ಲ ತಾನೆ?

ಡಾಕ್ಟರ್: ತೊಂದರೆ ಇದೆ. ಓದುತ್ತಿರುವ ಹಾಗೇ ಎದ್ದು ಮಗುವಿನ ಎದೆ, ಅಂಗಾಲು, ಕೈಬೆರಳು ಎಲ್ಲ ಸೋಪು ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಎಣ್ಣೆ ಹತ್ತಿದ ಅಂಗಿ, ಹೊದಿಕೆ ಬದಲಿಸಿ. ಬಾಟಲಿ ಪ್ಲಗ್ಗಿನಿಂದ ತೆಗೆಯಿರಿ, ಕಿಟಕಿ ತೆರೆಯಿರಿ. ಆಮೇಲೆ ಮುಂದಿನದ್ದು ಓದಿ.

ಕರ್ಪೂರ ಚರ್ಮದಿಂದಲೂ ಉಸಿರಿನಿಂದಲೂ ರಕ್ತಕ್ಕೆ ಹೋಗುತ್ತದೆ. ಐದು ತಿಂಗಳ ಮಗುವಿನ ಚರ್ಮ ತೆಳು, ತೂಕಕ್ಕೆ ಹೋಲಿಸಿದರೆ ಮೈಯ ಹರವು ನಮ್ಮದಕ್ಕಿಂತ ಜಾಸ್ತಿ, ಒಳಗೆ ಹೋದ ಕರ್ಪೂರವನ್ನು ಕರಗಿಸಿ ಹೊರಹಾಕುವ ಶಕ್ತಿ ಲಿವರಿಗೆ ಇನ್ನೂ ಬಂದಿರುವುದಿಲ್ಲ. ಮಗು ಅಂಗಾಲು ಬಾಯಿಗಿಡುವ ವಯಸ್ಸೂ ಇದೇ. ಕರ್ಪೂರ ನೇರ ಮಿದುಳನ್ನು ಕೆರಳಿಸುತ್ತದೆ: ಕಿರಿಕಿರಿ, ವಾಂತಿ, ನಡುಕ, ಆಮೇಲೆ ಫಿಟ್ಸ್. ಬಾಯಿಗೆ ಹೋದರೆ ಕೆಲವೇ ನಿಮಿಷದಲ್ಲಿ ಫಿಟ್ಸ್ ಬರಬಹುದು. ಅಂಬೆಗಾಲಿಡುವ ಮಕ್ಕಳಿಗೆ ಸುಮಾರು 1 ಗ್ರಾಂ ಹೊಟ್ಟೆಗೆ ಹೋದರೂ ಪ್ರಾಣಾಪಾಯ. ನೀವು ಬಟ್ಟಲಿಗೆ ಹಾಕಿರುವುದು ಆರೇಳು ಬಿಲ್ಲೆ. ಅದರಲ್ಲಿ ಎಷ್ಟು ಮಗುವಿನ ಮೈಗೆ ಹೋಗಿದೆ ಎಂದು ಅಳೆಯಲು ಮನೆಯಲ್ಲಿ ದಾರಿಯಿಲ್ಲ. ದೊಡ್ಡವರಲ್ಲೂ ಕರ್ಪೂರ, ನೀಲಗಿರಿ ಎಣ್ಣೆ ಬಳಸಿದ ಮೇಲೆ ಫಿಟ್ಸ್ ಬಂದದ್ದನ್ನು ಬೆಂಗಳೂರಿನ ನರರೋಗ ತಜ್ಞರು ದಾಖಲಿಸಿದ್ದಾರೆ.

ಬಾಟಲಿಯ ವಿಷಯ ಬೇರೆ. ಆ ಯಂತ್ರದ ಬತ್ತಿ, ಶಾಖ ಎರಡೂ ತೆಳುವಾದ ದ್ರವಕ್ಕೆ ಲೆಕ್ಕ ಹಾಕಿ ಮಾಡಿದ್ದು. ಕೊಬ್ಬರಿ ಎಣ್ಣೆ, ಬೇವಿನೆಣ್ಣೆ ದಪ್ಪ. ಬತ್ತಿಯ ತುದಿಯಲ್ಲಿ ಸುಟ್ಟು ಕರಿ ಕಟ್ಟುತ್ತದೆ, ಕರ್ಪೂರ ಮತ್ತೆ ಗಟ್ಟಿಯಾಗಿ ಕೂರುತ್ತದೆ, ಯಂತ್ರ ಕಾಯುತ್ತಲೇ ಇರುತ್ತದೆ. ಕರ್ಪೂರದ ಆವಿ 65 ಡಿಗ್ರಿ ಆಸುಪಾಸಿನಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ವಸ್ತು. ಅದನ್ನು ತೊಟ್ಟಿಲ ಪಕ್ಕ ಪ್ಲಗ್ಗಿಗೆ ಹಾಕಿ ರಾತ್ರಿಯೆಲ್ಲ ಬಿಡುವುದು ಬೆಂಕಿಗೆ ದಾರಿ. ಈ ಫಾರ್ವರ್ಡಿನ ಇನ್ನೊಂದು ರೂಪದಲ್ಲಿ ಸೀಮೆಎಣ್ಣೆಯನ್ನೂ ಸೇರಿಸಲು ಹೇಳಿರುತ್ತಾರೆ. ಮಗು ಅದನ್ನು ಒಂದು ಗುಟುಕು ಕುಡಿದು ಕೆಮ್ಮಿದರೆ ನೇರ ಶ್ವಾಸಕೋಶಕ್ಕೆ.

ಎರಡು ದಿನದ ಕಿರಿಕಿರಿಗೆ ಬೇರೆ ಕಾರಣವೂ ಇರಬಹುದು, ಆದರೆ ಊಹೆ ಮಾಡಿಕೊಂಡು ಕೂರಬೇಡಿ. ಇವತ್ತೇ ಹತ್ತಿರದ ಮಕ್ಕಳ ಡಾಕ್ಟರಿಗೆ ತೋರಿಸಿ, ಎಣ್ಣೆಯ ಬಟ್ಟಲು ಜೊತೆಗೆ ಒಯ್ಯಿರಿ. ವಾಂತಿ, ತೂಕಡಿಕೆ, ಕೈಕಾಲು ಅದುರುವುದು ಕಂಡರೆ 108ಕ್ಕೆ ಫೋನ್ ಮಾಡಿ. ಬಾಯಿಗೆ ಹೋಗಿದೆ ಅನಿಸಿದರೆ ವಾಂತಿ ಮಾಡಿಸಬೇಡಿ, ವಿಷ ಇಳಿಯಲೆಂದು ಹಾಲು ಕುಡಿಸಬೇಡಿ. ಅತ್ತೆಯವರ ಮೇಲೆ ಕೋಪ ಬೇಡ, ಈ ಉತ್ತರ ಅವರಿಗೇ ಓದಿ ಹೇಳಿ.

ಈ ವಯಸ್ಸಿಗೆ ಸೊಳ್ಳೆಪರದೆ ಸಾಕು. ಒಂದು ಚದರ ಇಂಚಿಗೆ 156 ಕಣ್ಣಿರುವ ಪರದೆ ಕೇಳಿ ತನ್ನಿ, ಅಂಚನ್ನು ಹಾಸಿಗೆ ಅಡಿಗೆ ಸಿಕ್ಕಿಸಿ, ಮಗುವಿನ ಕೈಕಾಲು ಪರದೆಗೆ ತಾಗದಷ್ಟು ಜಾಗ ಬಿಡಿ. ತಾಗಿದರೆ ಹೊರಗಿನಿಂದಲೇ ಕಚ್ಚುತ್ತದೆ. ಹಗಲು ಮಲಗುವಾಗಲೂ ಹಾಕಿ. ಡೆಂಗಿ ಸೊಳ್ಳೆ ಕಚ್ಚುವುದು ಹಗಲಲ್ಲಿ.

ಬಾಣಂತಿ ಮನೆ: ತೊಳೆದೆ ಮೇಡಂ. ಬಾಟಲಿ ತೆಗೆದೆ. ಏಳು ಗಂಟೆಗೆ ಡಾಕ್ಟರ ಹತ್ರ ಹೋಗ್ತಿದೀವಿ.

ಹಳೇ ಬೇರು: ಡಾಕ್ಟರಮ್ಮ, ಗೌರವ ಇಟ್ಟುಕೊಂಡೇ ಹೇಳ್ತೀನಿ. ನಮ್ಮ ಅಜ್ಜಿಯರ ಕಾಲದಲ್ಲಿ ಕರ್ಪೂರ, ಬೇವು, ಲಕ್ಕಿ ಸೊಪ್ಪಿನ ಹೊಗೆ ಎಲ್ಲ ಇತ್ತು. ಯಾರಿಗೂ ಫಿಟ್ಸ್ ಬರಲಿಲ್ಲ. ಕಂಪನಿ ಕ್ರೀಮಲ್ಲಿ ಇರೋದೂ ಕೆಮಿಕಲ್ಲೇ ಅಲ್ವಾ?

ಲ್ಯಾಬ್ ಕೆಲಸ: ಆ ಕಾಲದಲ್ಲಿ ಮಗುವಿಗೆ ಫಿಟ್ಸ್ ಬಂದರೆ ಬಾಲಗ್ರಹ ಅಂತಿದ್ರು ಸಾರ್. ಕಾರಣ ಯಾರು ಹುಡುಕಿದ್ರು?

ಹಳೇ ಬೇರು: ನಾನು ಡಾಕ್ಟರ್ ಅವರನ್ನ ಕೇಳಿದ್ದು, ನಿಮ್ಮನ್ನಲ್ಲ.

ಡಾಕ್ಟರ್: ಹೊಗೆಗೆ ಸೊಳ್ಳೆ ದೂರ ಹೋಗುವುದು ನಿಜ. ಹಳೇ ಹೆಂಚಿನ ಮನೆಯಲ್ಲಿ ಹೊಗೆ ಮೇಲಿಂದ ಆಚೆ ಹೋಗುತ್ತಿತ್ತು, ಈಗ ಕಿಟಕಿ ಮುಚ್ಚಿದ ಹತ್ತಡಿ ಕೋಣೆಯಲ್ಲಿ ಕೆಂಡ ಇಡುತ್ತಾರೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಕಾಯಿಲ್ ಕೂಡ ಅಷ್ಟೇ ಕೆಟ್ಟದ್ದು: ಒಂದು ಕಾಯಿಲ್ ಪೂರ್ತಿ ಉರಿದರೆ ಬರುವ ಸಣ್ಣ ಕಣ 75ರಿಂದ 137 ಸಿಗರೇಟಿಗೆ ಸಮ ಎಂದು 2003ರಲ್ಲೇ ಅಳೆದಿದ್ದಾರೆ. ಲಕ್ಕಿ ಸೊಪ್ಪಿನ ಹೊಗೆ ಹಾಕಲೇಬೇಕಾದರೆ ಕೊಟ್ಟಿಗೆಗೆ ಹಾಕಿ. ಉಬ್ಬಸ ಇರುವವರು, ಕೂಸು ಇರುವ ಕೋಣೆಗೆ ಬೇಡ. ಬೇವಿನೆಣ್ಣೆಗೆ ನಾನು ವಿರೋಧಿಯಲ್ಲ. 100 ಮಿ.ಲೀ. ಕೊಬ್ಬರಿ ಎಣ್ಣೆಗೆ 2 ಮಿ.ಲೀ. ಬೇವಿನೆಣ್ಣೆ ಸೇರಿಸಿ ದೊಡ್ಡವರು ಮೈಗೆ ಹಚ್ಚಿಕೊಳ್ಳಬಹುದು. ರಾತ್ರಿ ಕಚ್ಚುವ ಮಲೇರಿಯಾ ಸೊಳ್ಳೆಯ ಮೇಲೆ ಅದು ಕೆಲಸ ಮಾಡುವುದನ್ನು ನಮ್ಮ ದೇಶದಲ್ಲೇ ಪರೀಕ್ಷಿಸಿದ್ದಾರೆ. ಡೆಂಗಿ ಸೊಳ್ಳೆಗೆ ಅದನ್ನು ನಂಬಿ ಕೂರಬಾರದು. ಕೂಸಿನ ಬಾಯಿಗಂತೂ ಒಂದು ಹನಿಯೂ ಹೋಗಬಾರದು, ಮಿದುಳು ಮತ್ತು ಲಿವರ್ ಎರಡಕ್ಕೂ ಪೆಟ್ಟು.

ಮೈಸೂರಿನಿಂದ: ಮೇಡಂ ನಿಂಬೆ + ಲವಂಗ ಒಳ್ಳೇದಂತೆ, ವಿಡಿಯೋ ಹಾಕ್ತೀನಿ ನೋಡಿ.

ಡಾಕ್ಟರ್: ಮೇಲೆ ಹೇಳಿದೆ.

ತೋಟದ ಮನೆ: ಮಾರಾಯ್ರೆ, ನಾವು ಬೆಳ್ತಂಗಡಿ ಕಡೆಯವರು. ಮನೆ ಸುತ್ತ ಅಡಿಕೆ ತೋಟ. ಬಕೆಟ್, ಡ್ರಮ್ ಎಲ್ಲ ಕವುಚಿ ಹಾಕಿದ್ದೇವೆ, ಆದರೂ ಹಗಲು ಅಂಗಳದಲ್ಲಿ ನಿಲ್ಲಲಿಕ್ಕೆ ಆಗುವುದಿಲ್ಲ. ಸೊಳ್ಳೆಯ ಕಾಲಲ್ಲಿ ಬಿಳಿ ಪಟ್ಟೆ ಉಂಟು.

ಡಾಕ್ಟರ್: ತೋಟಕ್ಕೆ ಇಳಿದು ನೋಡಿ. ಬಿದ್ದ ಅಡಿಕೆ ಹಾಳೆಯ ಮಡಿಕೆಯಲ್ಲಿ ಒಂದು ಲೋಟ ನೀರು ನಿಂತರೂ ಸಾಕು. ಕೊಕ್ಕೋ ಕಾಯಿಯ ಸಿಪ್ಪೆ, ಒಡೆದ ತೆಂಗಿನ ಚಿಪ್ಪು, ಟ್ಯಾಪಿಂಗ್ ನಿಲ್ಲಿಸಿದ ರಬ್ಬರ್ ಮರದ ಚಿಪ್ಪು, ಅಂಗಳದ ಹಳೇ ಒರಳು, ಮರದ ಪೊಟರೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ. ಆದ್ದರಿಂದ ವಾರಕ್ಕೆ ಒಂದು ದಿನ ಗೊತ್ತು ಮಾಡಿಕೊಂಡು ಹಾಳೆ ಎಳೆದು ಒಂದು ಕಡೆ ಸೂರಿನಡಿ ರಾಶಿ ಹಾಕಿ, ಚಿಪ್ಪು ಕವುಚಿ, ಪೊಟರೆಗೆ ಮಣ್ಣು ತುಂಬಿ. ಈ ಸೊಳ್ಳೆ ದೂರ ಹಾರುವ ಜಾತಿಯಲ್ಲ. ನಿಮ್ಮ ಅಂಗಳದಲ್ಲಿ ಕಚ್ಚುವುದು ಬಹುಮಟ್ಟಿಗೆ ನಿಮ್ಮ ತೋಟದ್ದು, ಇಲ್ಲ ಪಕ್ಕದ ತೋಟದ್ದು.

ಧಾರವಾಡ ಅಕ್ಕ: ಮೇಡಂರಿ, ನಮ್ಮ ಕಡೆ ನಳದಾಗ ನೀರು ವಾರಕ್ಕೊಮ್ಮೆ ಬರ್ತಾವ್ರಿ. ತುಂಬಿ ಇಡದ ಹೆಂಗ ಇರೋದ್ರಿ? ಆಶಾದವ್ರು ಬಂದು ಚೆಲ್ಲಿ ಹೋಗ್ತಾರ.

ಡಾಕ್ಟರ್: ತುಂಬಿಡಿ, ಬಾಯಿ ಮುಚ್ಚಿ. ಡ್ರಮ್ಮಿಗೆ ಎರಡು ಪದರ ಹಳೇ ಹತ್ತಿ ಸೀರೆ ಕಟ್ಟಿ, ರಬ್ಬರ್ ಟ್ಯೂಬಿನಿಂದ ಬಿಗಿದು ಅದರ ಮೇಲೆ ಮುಚ್ಚಳ. ಬಟ್ಟೆ ಜೋತು ನೀರಿಗೆ ತಾಗಬಾರದು. ಹೊಸ ನೀರು ಬರುವ ದಿನ ಡ್ರಮ್ ಬರಿದು ಮಾಡಿ ಒಳಗೋಡೆಯನ್ನು ತೆಂಗಿನ ನಾರಿನಿಂದ ಗಟ್ಟಿಯಾಗಿ ಉಜ್ಜಿ. ಚೆಲ್ಲಿದರೆ ಸಾಲದು, ಯಾಕೆಂದರೆ ಮೊಟ್ಟೆ ಇರುವುದು ನೀರಲ್ಲಲ್ಲ, ನೀರಿನ ಗೆರೆಯ ಮೇಲೆ ಗೋಡೆಗೆ ಅಂಟಿಕೊಂಡು. ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ತಾಗಿದ ದಿನ ಒಡೆಯುತ್ತದೆ. ಬಟ್ಟೆ ಪಾತ್ರೆಗೆ ಬಳಸುವ ಸಿಮೆಂಟ್ ತೊಟ್ಟಿ ಇದ್ದರೆ ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಬಿಡಿ. ಫ್ರಿಜ್ಜಿನ ಹಿಂದಿನ ತಟ್ಟೆ, ಮನಿಪ್ಲಾಂಟ್ ಬಾಟಲಿ ಕೂಡ ಅದೇ ದಿನ ತೊಳೆಯಿರಿ.

ಧಾರವಾಡ ಅಕ್ಕ: ಛಲೋ ಆತ್ರಿ. ಚೆಲ್ಲಿದ್ರ ಸಾಕು ಅನ್ಕೊಂಡಿದ್ವಿ.

ಖಾಲಿ ಸೈಟ್: ನಾವು ಎಷ್ಟು ಉಜ್ಜಿದರೂ ಪಕ್ಕದ ಖಾಲಿ ಸೈಟಲ್ಲಿ ಟೈರು, ಬಾಟಲಿ ರಾಶಿ ಇದೆ. ಓನರ್ ಬೇರೆ ಊರು. ಸೊಳ್ಳೆ ಬೆಳೆಯೋಕೆ ಬಿಟ್ಟವರಿಗೆ ದಂಡ ಹಾಕ್ತಾರೆ ಅಂತ ಕೇಳಿದ್ವಿ, ಯಾರಿಗೆ ಹಾಕಿದಾರೆ?

ಲ್ಯಾಬ್ ಕೆಲಸ: 2024ರಲ್ಲಿ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ಅಂತ ಘೋಷಿಸಿ ದಂಡ ನಿಗದಿ ಮಾಡ್ತು. ಮನೆಗೆ ಪಟ್ಟಣದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಖಾಲಿ ಸೈಟು, ಕಟ್ಟಡ ಕೆಲಸದ ಜಾಗಕ್ಕೆ 2000, ಹಳ್ಳಿಯಲ್ಲಿ 1000. ಫೋಟೋ ತೆಗೆದು ಲಿಖಿತ ದೂರು ಕೊಡಿ.

ಖಾಲಿ ಸೈಟ್: ಎರಡು ಸಲ ಕೊಟ್ಟಾಯ್ತು.

ಹಳೇ ಬೇರು: 2000 ರೂಪಾಯಿ ಸೈಟ್ ಓನರಿಗೆ ಯಾವ ಲೆಕ್ಕ? ಬೇವಿನ ಹಿಂಡಿ ಪುಡಿ ತಂದು ನಾವೇ ಚರಂಡಿಗೆ, ಆ ನೀರಿಗೆ ಹಾಕೋದು ಉತ್ತಮ.

ಲ್ಯಾಬ್ ಕೆಲಸ: ಬೇರೆಯವರ ಟೈರಿಗೆ ವಾರವಾರ ಹಿಂಡಿ ಹಾಕ್ತಾ ಇರಬೇಕಾ? ಟೈರು ಎತ್ತಿಸಬೇಕು ಸಾರ್.

ಹಳೇ ಬೇರು: ಎತ್ತಿಸಿ ತೋರಿಸಿ ಮತ್ತೆ. ಮಾತಾಡೋದು ಸುಲಭ.

ಅಡ್ಮಿನ್: ಇಬ್ಬರೂ ದಯವಿಟ್ಟು ವಿಷಯಕ್ಕೆ ಬನ್ನಿ.

ತುಮಕೂರು ಅಪ್ಪ: ಮಗನಿಗೆ ಆರು ವರ್ಷ, 19 ಕೆಜಿ. ವಿಚಿತ್ರ ಅನಿಸುತ್ತೆ ಮೇಡಂ. ಈಗ ಒಂದು ಕಡೆ ಸೊಳ್ಳೆ ಕಚ್ಚಿದರೆ ಹದಿನೈದು ದಿನದ ಹಿಂದಿನ ಹಳೇ ಗುರುತುಗಳೂ ಮತ್ತೆ ಎದ್ದು ತುರಿಸ್ತವೆ. ಕಾಲು, ಮುಂಗೈ ಮೇಲೆ ಗಟ್ಟಿ ಗುಳ್ಳೆ. ಮನೆಯಲ್ಲಿ ಬೇರೆ ಯಾರಿಗೂ ಇಲ್ಲ. ರಕ್ತ ಕೆಟ್ಟಿದೆ ಅಂತ ಪಥ್ಯ ಮಾಡಿಸ್ತಿದಾರೆ. ಬದನೆಕಾಯಿ, ಕಡಲೆಕಾಯಿ, ಮೊಟ್ಟೆ ಎಲ್ಲ ನಿಲ್ಸಿದೀವಿ. ಗುಳ್ಳೆಗೆ ಸುಣ್ಣ ಹಚ್ತಿದೀವಿ.

ಡಾಕ್ಟರ್: ವಿವರ ಚೆನ್ನಾಗಿ ಬರೆದಿದ್ದೀರಿ. ರಕ್ತ ಕೆಟ್ಟಿಲ್ಲ. ಇದು ಕಡಿತದ ಅಲರ್ಜಿ, ಹೆಚ್ಚಾಗಿ ಎರಡರಿಂದ ಹತ್ತು ವರ್ಷದ ಮಕ್ಕಳಲ್ಲಿ. ಹೊಸ ಕಡಿತದ ಜೊಲ್ಲಿಗೆ ಮೈಯ ರಕ್ಷಣೆ ಎಚ್ಚೆತ್ತಾಗ ಹಳೇ ಜಾಗಗಳಲ್ಲೂ ಅದೇ ಪ್ರತಿಕ್ರಿಯೆ ಮರುಕಳಿಸುತ್ತದೆ. ಮನೆಯಲ್ಲಿ ಎಲ್ಲರಿಗೂ ಕಚ್ಚುತ್ತದೆ, ಆದರೆ ಅವನ ಮೈ ಮಾತ್ರ ಹೀಗೆ ತಿರುಗಿಬೀಳುತ್ತಿದೆ. ವರ್ಷಗಳು ಕಳೆದಂತೆ ಮೈ ಒಗ್ಗಿಕೊಂಡು ತಾನೇ ಕಡಿಮೆಯಾಗುತ್ತದೆ. ಊಟಕ್ಕೂ ಇದಕ್ಕೂ ಸಂಬಂಧವಿಲ್ಲ, ಮೊಟ್ಟೆ, ಕಡಲೆಕಾಯಿ ನಾಳೆಯಿಂದಲೇ ಕೊಡಿ.

ಸುಣ್ಣ ಇವತ್ತಿಗೇ ನಿಲ್ಲಿಸಿ. ಅದು ಬಲವಾದ ಕ್ಷಾರ, ಚರ್ಮವನ್ನು ಸುಡುತ್ತದೆ. ತುರಿಕೆ ನಿಂತ ಹಾಗೆ ಅನಿಸುವುದು ಮೇಲಿನ ಪದರ ಸುಟ್ಟಿದ್ದಕ್ಕೆ. ಸುಣ್ಣದ ಕೈಯಲ್ಲಿ ಕಣ್ಣುಜ್ಜಿಕೊಂಡರೆ ದೃಷ್ಟಿಗೇ ಅಪಾಯ. ಜಜ್ಜಿದ ಬೆಳ್ಳುಳ್ಳಿ ಕಟ್ಟಿದರೂ ಹೀಗೇ ಸುಡುತ್ತದೆ.

ಇನ್ನು ಕಚ್ಚುತ್ತಿರುವುದು ಸೊಳ್ಳೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಮೂರು ಗುಳ್ಳೆ ಒಂದೇ ಸಾಲಿನಲ್ಲಿದ್ದರೆ ಹಾಸಿಗೆಯ ಹೊಲಿಗೆ, ಮಂಚದ ಸಂದಿಯಲ್ಲಿ ತಿಗಣೆ ಹುಡುಕಿ. ಪಾದದ ಗಂಟಿನ ಸುತ್ತಲೇ ಇದ್ದರೆ, ಮನೆಯಲ್ಲಿ ನಾಯಿ ಬೆಕ್ಕು ಇದ್ದರೆ ಚಿಗಟ. ತುರಿಕೆಗೆ ಮೊದಲು ಐಸ್. ಸಾಲದಿದ್ದರೆ 1% ಹೈಡ್ರೋಕಾರ್ಟಿಸೋನ್ ಕ್ರೀಮ್ ದಿನಕ್ಕೆರಡು ಸಲ ತೆಳುವಾಗಿ, ಗುಳ್ಳೆಯ ಮೇಲೆ ಮಾತ್ರ, ಐದು ದಿನಕ್ಕಿಂತ ಜಾಸ್ತಿ ಬೇಡ. ರಾತ್ರಿ ನಿದ್ದೆಗೆಡುವಷ್ಟು ತುರಿಕೆಯಿದ್ದರೆ ಅಲರ್ಜಿ ಸಿರಪ್ಪನ್ನು ನಿಮ್ಮ ಡಾಕ್ಟರು ತೂಕ ನೋಡಿ ಬರೆದುಕೊಡಲಿ. ಮೆಡಿಕಲ್ ಶಾಪಿನಲ್ಲಿ ತುರಿಕೆಗೆ ಅಂತ ಕೇಳಿದರೆ ಸ್ಟೀರಾಯ್ಡ್, ಆಂಟಿಬಯೋಟಿಕ್, ಹುಳುಕಡ್ಡಿ ಔಷಧ ಮೂರೂ ಬೆರೆತ ಟ್ಯೂಬ್ ಕೊಡುತ್ತಾರೆ. ತರಬೇಡಿ, ಚರ್ಮ ತೆಳುವಾಗುತ್ತದೆ. ಜೇನಿನ ಬಣ್ಣದ ಹೊಪ್ಪಳೆ ಕಟ್ಟಿದರೆ ಕೀವು ಸೇರಿದೆ ಎಂದರ್ಥ, ಆಗ ತೋರಿಸಲೇಬೇಕು.

ಪುಟ್ಟಿಯ ಅಮ್ಮ: ಮೇಡಂ, ಕಚ್ಚಿದ ಕಡೆ ಊತ ಬಂದಾಗ ಅಲರ್ಜಿಯೋ ಕೀವೋ ಹೇಗೆ ಗೊತ್ತಾಗೋದು?

ಡಾಕ್ಟರ್: ಗಂಟೆಗಳಲ್ಲಿ ಊದಿ, ತುರಿಕೆಯೇ ಮುಖ್ಯವಾಗಿ, ಮಗು ಆಡಿಕೊಂಡಿದ್ದರೆ ಅಲರ್ಜಿ. ಎರಡು ಮೂರು ದಿನ ಬಿಟ್ಟು ಶುರುವಾಗಿ, ಮುಟ್ಟಿದರೆ ನೋವು, ಜ್ವರ, ಕೆಂಪು ಹರಡುತ್ತಿದ್ದರೆ ಸೋಂಕು. ಕೆಂಪಿನ ಅಂಚಿಗೆ ಪೆನ್ನಿಂದ ಗೆರೆ ಎಳೆದು ಸಮಯ ಬರೆಯಿರಿ. ಗೆರೆ ದಾಟಿದರೆ ಅದೇ ದಿನ ತೋರಿಸಿ.

ಬೆಂಗಳೂರು ಉತ್ತರ: ನೀಲಗಿರಿ ಎಣ್ಣೆ ನೇರ ಹಚ್ಚಬಹುದಾ? ನಾಲ್ಕು ವರ್ಷದ ಮಗು.

ಡಾಕ್ಟರ್: ಬೇಡ. ಕಾರಣ ಕರ್ಪೂರದ ಉತ್ತರದಲ್ಲಿದೆ. ಸೊಳ್ಳೆಗೆ ಶಿಫಾರಸು ಮಾಡುವ ನಿಂಬೆ ನೀಲಗಿರಿಯ ಸಾರ ಬೇರೆಯೇ ವಸ್ತು, ಅದೂ ಮೂರು ವರ್ಷ ತುಂಬಿದ ಮೇಲೆ. ನಮ್ಮ ಊಟಿ ಎಣ್ಣೆ ಅದಲ್ಲ.

ಮಜ್ಜಿಗೆ ಹುಲ್ಲು: ಮಜ್ಜಿಗೆ ಹುಲ್ಲಿನ ಎಣ್ಣೆ?

ಡಾಕ್ಟರ್: ದೊಡ್ಡವರಿಗೆ 50 ಮಿ.ಲೀ. ಕೊಬ್ಬರಿ ಎಣ್ಣೆಗೆ 20 ಹನಿ. ಬೇಗ ಆರಿಹೋಗುತ್ತದೆ, ಗಂಟೆಗೊಮ್ಮೆ ಹಚ್ಚಬೇಕು. ಡೆಂಗಿ ಇರುವ ಬೀದಿಯಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ಎರಡು ತಿಂಗಳು ದಾಟಿದ ಮಕ್ಕಳಿಗೆ ಸೊಳ್ಳೆ ದೂರ ಇಡುವ ಡೀಟ್ ಎಂಬ ರಾಸಾಯನಿಕ 10ರಿಂದ 30% ಇರುವ ಕ್ರೀಮ್, ನಿಮ್ಮ ಕೈಗೆ ಹಾಕಿಕೊಂಡು ಹಚ್ಚಿ. ಮಗುವಿನ ಅಂಗೈ, ಕಣ್ಣು, ಬಾಯಿ ಸುತ್ತ, ಗಾಯಕ್ಕೆ ಬೇಡ. ಬಟ್ಟೆಯ ಅಡಿಗೂ ಬೇಡ. ಮನೆಗೆ ಬಂದ ಮೇಲೆ ತೊಳೆಯಿರಿ.

ಹಳೇ ಬೇರು: ಕಡೆಗೆ ಕೆಮಿಕಲ್ಲಿಗೇ ಬಂದಿರಿ.

ಡಾಕ್ಟರ್: ಹೌದು, ಬಂದೆ. ಎಷ್ಟು ಹೊತ್ತು ಕೆಲಸ ಮಾಡುತ್ತದೆ, ಯಾವ ವಯಸ್ಸಿಗೆ ಎಷ್ಟು ಎಂದು ಅಳೆದು ಗೊತ್ತಿರುವುದಕ್ಕೆ ಬಂದೆ.

ಸೊರಬದವರು: ಮೇಡಂ, ಸೊಪ್ಪು ತರೋಕೆ ಕಾಡಿಗೆ ಹೋಗ್ತೀವಿ. ಉಣುಗಿಗೂ ಬೇವಿನೆಣ್ಣೆ ಆಗುತ್ತಾ?

ಡಾಕ್ಟರ್: ಅದು ಸೊಳ್ಳೆಯ ವಿಷಯವಲ್ಲ, ಆದರೂ ಹೇಳುತ್ತೇನೆ, ನಿಮ್ಮ ತಾಲ್ಲೂಕಿಗೆ ಇದು ಮುಖ್ಯ. ಉಣುಗಿನಿಂದ ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಗುರುತಿಸಿದ್ದೇ ನಿಮ್ಮ ಕ್ಯಾಸನೂರು ಕಾಡಿನಲ್ಲಿ. ಬೇವಿನೆಣ್ಣೆ ನಂಬಬೇಡಿ. ಉಣುಗು ದೂರ ಇಡಲು ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ಪಿಎಚ್‌ಸಿಯಲ್ಲಿ ಕೇಳಿ ಹಚ್ಚಿಕೊಂಡು ಹೋಗಿ. ಕಚ್ಚಿಕೊಂಡ ಉಣುಗನ್ನು ಚಿಮುಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಸುರಿಯಬೇಡಿ, ಬೆಂಕಿ ತಾಗಿಸಬೇಡಿ.

ಗರ್ಭಿಣಿ 7: ಬಸುರಿಯರು ಯಾವ ಕ್ರೀಮ್ ಹಚ್ಚಬಹುದು ಮೇಡಂ?

ಕೋಲಾರ ಅಣ್ಣ: ಸೊಳ್ಳೆ ಓಡಿಸೋ ಮೊಬೈಲ್ ಆ್ಯಪ್ ಕೆಲಸ ಮಾಡುತ್ತಾ?

ದಾವಣಗೆರೆ ಮನೆ: ನಿಂಬೆಗೆ ಲವಂಗ ಚುಚ್ಚಿ...

ಡಾಕ್ಟರ್: ದಯವಿಟ್ಟು ಮೇಲಿನದ್ದು ಓದಿ ಕೇಳಿ. ಇದು ಮೂರನೇ ಸಲ.

ರಾತ್ರಿ ಪಾಳಿ: ಮೇಡಂ ಅರ್ಜೆಂಟ್. ಮಗಳು ಎಂಟು ವರ್ಷ, 22 ಕೆಜಿ. ನಾಲ್ಕು ದಿನ ಜ್ವರ, ಇವತ್ತು ಬೆಳಿಗ್ಗೆ ಬಿಟ್ಟಿದೆ. ಖುಷಿಯಾಗಿದ್ವಿ, ಆದರೆ ಮಂಕಾಗಿ ಮಲಗಿದಾಳೆ, ಹೊಟ್ಟೆ ನೋವು, ಮಧ್ಯಾಹ್ನದಿಂದ ಮೂರು ವಾಂತಿ. ಜ್ವರಕ್ಕೆ ಮನೆಯಲ್ಲಿದ್ದ ಮೆಫೆನಮಿಕ್ ಸಿರಪ್ ಕೊಟ್ಟಿದ್ವಿ. ಪರಂಗಿ ಎಲೆ ರಸ ಎಷ್ಟು ಚಮಚ ಕೊಡಲಿ?

ಹಳೇ ಬೇರು: ಎಳೇ ಎಲೆ ಎರಡು, ದೇಟು ತೆಗೆದು ಅರೆದು ಎರಡು ಚಮಚ, ದಿನಕ್ಕೆ ಎರಡು ಸಲ. ಪ್ಲೇಟ್‌ಲೆಟ್ ಏರುತ್ತೆ.

ಲ್ಯಾಬ್ ಕೆಲಸ: ವಾಂತಿ ಮಾಡ್ತಿರೋ ಮಗುವಿಗೆ ಕಹಿ ರಸ ಕುಡಿಸ್ತೀರಾ? ಏನು ಮಾತಾಡ್ತಿದೀರಿ?

ಡಾಕ್ಟರ್: ಇಬ್ಬರೂ ಸುಮ್ಮನಿರಿ. ರಾತ್ರಿ ಪಾಳಿಯವರೇ, ರಸ ಬೇಡ. ಈಗಲೇ ಹೊರಡಿ, ದಿನವಿಡೀ ಡಾಕ್ಟರಿರುವ, ಮಕ್ಕಳನ್ನು ಅಡ್ಮಿಟ್ ಮಾಡಿಕೊಳ್ಳುವ ಆಸ್ಪತ್ರೆಗೆ. ಡೆಂಗಿಯಲ್ಲಿ ಅಪಾಯ ಶುರುವಾಗುವುದೇ ಜ್ವರ ಬಿಟ್ಟ ಹೊತ್ತಿಗೆ. ರಕ್ತನಾಳದಿಂದ ನೀರಿನಂಶ ಸೋರಿ ಬಿಪಿ ಬೀಳುತ್ತದೆ. ಹೊಟ್ಟೆ ನೋವು, ಬಿಡದ ವಾಂತಿ, ಮಂಕು, ಮೂರೂ ಅದರ ಸೂಚನೆ. ಆ ಸಿರಪ್ ಇನ್ನು ಕೊಡಬೇಡಿ, ರಕ್ತಸ್ರಾವ ಜಾಸ್ತಿ ಮಾಡುತ್ತದೆ. ಕೊಟ್ಟದ್ದನ್ನು ಅಲ್ಲಿ ಹೇಳಿ. ಕೊನೇ ಸಲ ಮೂತ್ರ ಮಾಡಿದ್ದು ಎಷ್ಟು ಹೊತ್ತಿಗೆ? ಕೈಕಾಲು ತಣ್ಣಗಿದೆಯಾ?

ರಾತ್ರಿ ಪಾಳಿ: ಬೆಳಿಗ್ಗೆ ಹತ್ತಕ್ಕೆ. ಪಾದ ತಣ್ಣಗಿದೆ.

ಡಾಕ್ಟರ್: 108ಕ್ಕೆ ಕರೆ ಮಾಡಿ, ತಡವಾದರೆ ಸಿಕ್ಕ ಗಾಡಿಯಲ್ಲಿ. ಮಲಗಿಸಿಕೊಂಡೇ ಹೋಗಿ, ನಡೆಸಬೇಡಿ. ಅಲ್ಲಿ ಮೊದಲ ಮಾತಿಗೇ ಹೇಳಿ: ಜ್ವರ ಬಿಟ್ಟು ಒಂದು ದಿನವಾಗಿಲ್ಲ, ಬೆಳಿಗ್ಗೆಯಿಂದ ಮೂತ್ರವಿಲ್ಲ, ಪಾದ ತಣ್ಣಗಿದೆ. ಪ್ಲೇಟ್‌ಲೆಟ್ ಅಷ್ಟೇ ಅಲ್ಲ, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು, ನೀರಿನಂಶ ಸೋರಿದರೆ ಏರುತ್ತದೆ) ಎಷ್ಟು ಎಂದೂ ಕೇಳಿ.

ರಾತ್ರಿ ಪಾಳಿ: ಹೊರಟ್ವಿ.

ಹಳೇ ಬೇರು: ಪರಂಗಿ ಎಲೆಯಿಂದ ಎಷ್ಟೋ ಜನಕ್ಕೆ ಗುಣ ಆಗಿದೆ, ಅದನ್ನೂ ಒಪ್ಪಿಕೊಳ್ಳಿ.

ಡಾಕ್ಟರ್: ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದು ಒಂದು ವಾರದ ಹೊತ್ತಿಗೆ ತಾನೇ ಏರುತ್ತದೆ, ಎಲೆ ಕುಡಿದರೂ ಕುಡಿಯದಿದ್ದರೂ. ಮಕ್ಕಳ ಜೀವ ಹೋಗುವುದು ಹೆಚ್ಚಾಗಿ ನೀರಿನಂಶ ಸೋರಿ, ಅದಕ್ಕೆ ಎಲೆಯಲ್ಲಿ ಏನೂ ಇಲ್ಲ. ಎಲೆ ಹುಡುಕುತ್ತಾ ಕಳೆಯುವ ನಾಲ್ಕು ಗಂಟೆಯೇ ನನಗೆ ಭಯ. ಇದರ ಬಗ್ಗೆ ಇನ್ನು ವಾದ ಮಾಡುವುದಿಲ್ಲ.

ಹಾಸನ ಹುಡುಗಿ: ಜ್ವರಕ್ಕೆ ಪ್ಯಾರಾಸಿಟಮಾಲ್ ಎಷ್ಟು ಕೊಡಬೇಕು ಮೇಡಂ?

ಡಾಕ್ಟರ್: ಕೆಜಿಗೆ 15 ಮಿ.ಗ್ರಾಂ., ಆರು ಗಂಟೆಗೊಮ್ಮೆ. ಬಾಟಲಿ ಮೇಲೆ 5 ಮಿ.ಲೀ.ಗೆ ಎಷ್ಟು ಎಂದು ಓದಿ. 125 ಇರುವುದೂ ಇದೆ, 250 ಇರುವುದೂ ಇದೆ. 10 ಕೆಜಿ ಮಗುವಿಗೆ ಮೊದಲನೆಯದು 6 ಮಿ.ಲೀ., ಎರಡನೆಯದು 3 ಮಿ.ಲೀ. ಡೆಂಗಿ ಅನುಮಾನ ಇದ್ದಾಗ ಬೇರೆ ಯಾವ ಜ್ವರದ ಔಷಧವೂ ಬೇಡ.

ಬಾಣಂತಿ ಮನೆ: ತೋರಿಸಿಕೊಂಡು ಬಂದ್ವಿ ಮೇಡಂ. ಮಗು ಚೆನ್ನಾಗಿದೆ, ನಾಳೆಯೂ ಬರೋಕೆ ಹೇಳಿದಾರೆ. ಅತ್ತೆ ಎಣ್ಣೆ ಚೆಲ್ಲಿದರು.

ಡಾಕ್ಟರ್: ಒಳ್ಳೇದು. ಇವತ್ತು ರಾತ್ರಿ ಹಾಲು ಕುಡಿಯುವುದು, ಎಚ್ಚರ ಎರಡನ್ನೂ ಗಮನಿಸಿ.

ರಾತ್ರಿ ಪಾಳಿ: ಅಡ್ಮಿಟ್ ಮಾಡಿಕೊಂಡರು. ಡ್ರಿಪ್ ಶುರು. ಪಿಸಿವಿ 48 ಅಂತೆ, ಡೆಂಗಿ ಪಾಸಿಟಿವ್.

ಡಾಕ್ಟರ್: ಸರಿ ಜಾಗದಲ್ಲಿದ್ದೀರಿ. ಮೂತ್ರ ಮಾಡಿದಾಗಲೆಲ್ಲ ಅಳತೆ ಪಾತ್ರೆಯಲ್ಲಿ ಹಿಡಿದು ಸಮಯ ಬರೆದಿಡಿ, ಸಿಸ್ಟರಿಗೆ ತೋರಿಸಿ. ಕಪ್ಪು ಮಲ, ವಸಡಿನಲ್ಲಿ ರಕ್ತ, ಉಸಿರು ಜೋರಾಗುವುದು ಕಂಡರೆ ಬೆಳಗಾಗುವವರೆಗೆ ಕಾಯದೆ ಎಬ್ಬಿಸಿ ಕರೆಯಿರಿ. ಅಲ್ಲೂ ಹಾಸಿಗೆಗೆ ಪರದೆ ಕೇಳಿ ಹಾಕಿಸಿ.